ಭಾನುವಾರ ಬಕೆಟ್ ಉಜ್ಜಿ, ಡೆಂಗಿ ತಡೆಯಿರಿ
ಗೆಳೆಯರೇ, ಹೋದ ಮಳೆಗಾಲದಲ್ಲಿ ನಮ್ಮ ಹಾಸ್ಟೆಲ್‌ನ ಮೂವರಿಗೆ ಡೆಂಗಿ ಬಂತು. ಹೊರಗಿನ ಚರಂಡಿಯಿಂದಲೇ ಅಂದುಕೊಂಡೆವು. ಆಮೇಲೆ ನೋಡಿದರೆ ಸೊಳ್ಳೆ ಮರಿಗಳು ಇದ್ದದ್ದು ನಮ್ಮದೇ ಬಕೆಟ್‌ನಲ್ಲಿ! ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರೇ ಇಷ್ಟ. ಕಚ್ಚುವುದೂ ಹಗಲಲ್ಲೇ ಜಾಸ್ತಿ.

ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು. ಅದಕ್ಕೇ ವಾರಕ್ಕೊಮ್ಮೆ ಡ್ರಮ್, ಬಕೆಟ್, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಖಾಲಿ ಮಾಡಿ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತವೆ. ಬ್ರಷ್ ಹಾಕಿ ಚೆನ್ನಾಗಿ ಉಜ್ಜಿ. ಮುಚ್ಚಳವಿಲ್ಲದ ಡ್ರಮ್‌ಗೆ ಹಳೆಯ ಪಂಚೆ ಬಿಗಿಯಾಗಿ ಕಟ್ಟಿ.

ಜ್ವರ ಬಂದರೆ ನೀವೇ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ. ಡೆಂಗಿಯಾಗಿದ್ದರೆ ಈ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಬೇಗ ಡಾಕ್ಟರಿಗೆ ತೋರಿಸಿ.