ಸೆನ್ಸರ್‌ನ ಬ್ಯಾಟರಿ ಬೇಗ ಖಾಲಿಯಾದರೆ ರೆಗ್ಯುಲೇಟರ್ ನೋಡಿ

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆದು ಲೋರಾದಲ್ಲಿ (ದೂರಕ್ಕೆ ಡೇಟಾ ಕಳಿಸುವ ರೇಡಿಯೊ) ಕಳಿಸುವ ಸೆನ್ಸರ್ ಇದೆ. ಮೂರು ಎಎ ಸೆಲ್ ಹಾಕಿದರೆ ತಿಂಗಳೊಳಗೆ ಖಾಲಿ. ಒಳ್ಳೆಯ ಸೆಲ್ ಹಾಕಿದೆ, ಡೇಟಾ ಕಳಿಸುವುದನ್ನು ಗಂಟೆಗೊಮ್ಮೆ ಮಾಡಿದೆ, ಪ್ರಯೋಜನ ಆಗಲಿಲ್ಲ.

ಸೆಲ್‌ಗೆ ಸೀರೀಸ್‌ನಲ್ಲಿ ಮೀಟರ್ ಹಾಕಿದಾಗ ವಿಷಯ ತಿಳಿಯಿತು. ಮೈಕ್ರೊಕಂಟ್ರೋಲರ್ ನಿದ್ದೆಯಲ್ಲಿದ್ದರೂ ಬೋರ್ಡ್ ಸುಮಾರು 6 ಮಿಲಿಆಂಪ್ ಎಳೆಯುತ್ತಿತ್ತು. ಜಾಸ್ತಿ ಭಾಗ 1117 ಲೀನಿಯರ್ ರೆಗ್ಯುಲೇಟರ್‌ನ (ಸೆಲ್‌ನ ವೋಲ್ಟೇಜ್ ಇಳಿಸಿ ಸ್ಥಿರವಾಗಿಡುವ ಚಿಪ್) ಸ್ವಂತ ಖರ್ಚು, ಉಳಿದದ್ದು ಪವರ್ ಎಲ್‌ಇಡಿ. ಪೇಟೆಯಲ್ಲಿ ಸಿಗುವ ಅಗ್ಗದ ಬಕ್ ಮಾಡ್ಯೂಲ್ (ಸ್ವಿಚ್ ಮಾಡಿ ವೋಲ್ಟೇಜ್ ಇಳಿಸುವಂಥದ್ದು) ಕೂಡ ಅಷ್ಟೇ, ಅದು ಸುಮ್ನೆ ಕೂತಾಗಲೂ ಮಿಲಿಆಂಪ್‌ಗಟ್ಟಲೆ ತಿನ್ನುತ್ತದೆ.

1117, ಎಲ್‌ಇಡಿ ಎರಡನ್ನೂ ಕಿತ್ತು ಟಿಪಿಎಸ್ 62740 ಎಂಬ ಬಕ್ ರೆಗ್ಯುಲೇಟರ್ ಚಿಪ್ ಹಾಕಿದೆ. ಇದರ ಸ್ವಂತ ಖರ್ಚು 360 ನ್ಯಾನೊಆಂಪ್ ಮಾತ್ರ, ಯಾಕೆಂದರೆ ಲೋಡ್ ಕಡಿಮೆ ಇದ್ದಾಗ ಇದು ಸತತವಾಗಿ ಸ್ವಿಚ್ ಮಾಡುವುದಿಲ್ಲ, ಔಟ್‌ಪುಟ್ ಕೆಪಾಸಿಟರ್‌ನ ವೋಲ್ಟೇಜ್ ಇಳಿದಾಗ ಒಂದು ಪಲ್ಸ್ ಕೊಟ್ಟು ಮತ್ತೆ ಸುಮ್ಮನಾಗುತ್ತದೆ. ಇಂಡಕ್ಟರ್ 2.2 ಮೈಕ್ರೊಹೆನ್ರಿ, ಇನ್‌ಪುಟ್ ಔಟ್‌ಪುಟ್ ಎರಡಕ್ಕೂ 10 ಮೈಕ್ರೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್, ಚಿಪ್‌ಗೆ ಅಂಟಿದ ಹಾಗೆ. ಔಟ್‌ಪುಟ್ ವೋಲ್ಟೇಜ್ ಆರಿಸುವ ವಿಸೆಲ್ ಪಿನ್‌ಗಳಲ್ಲಿ 4 ಮತ್ತು 3 ಇನ್‌ಪುಟ್‌ಗೆ, 2 ಮತ್ತು 1 ಗ್ರೌಂಡ್‌ಗೆ, ಆಗ 3.0 ವೋಲ್ಟ್. ಚಿಪ್ ಆನ್ ಮಾಡುವ ಇನೇಬಲ್ ಪಿನ್ ಇನ್‌ಪುಟ್‌ಗೆ, ಸಿಟಿಆರ್‌ಎಲ್ ಪಿನ್ ಗ್ರೌಂಡ್‌ಗೆ. ಈ ಪಿನ್‌ಗಳಲ್ಲಿ ಯಾವುದನ್ನೂ ಖಾಲಿ ಬಿಡಬೇಡಿ.

ಮೊದಲು ಸೆನ್ಸರ್ ಇಲ್ಲದೆ 3.0 ವೋಲ್ಟ್ ಬರುತ್ತಿದೆಯಾ ಅಳೆಯಿರಿ, ಆಮೇಲೆ ಜೋಡಿಸಿ. ಖರ್ಚು ಅಳೆಯುವಾಗ, ಮೀಟರ್ ಮೈಕ್ರೊಆಂಪ್ ರೇಂಜ್‌ನಲ್ಲಿದ್ದಾಗಲೇ ಬೋರ್ಡ್ ಆನ್ ಮಾಡಿದರೆ ಅದು ರೀಸೆಟ್ ಆಗುತ್ತಲೇ ಇರುತ್ತದೆ, ನಿದ್ದೆಗೆ ಹೋದ ಮೇಲೆ ರೇಂಜ್ ಇಳಿಸಿ.