ಕಾರು ಹಾಡ್ತಿಲ್ಲ ಅಂತ ಶುರುವಾದ ಸಿಡಿ ಕೆಲಸ

"ಹದಿನೆಂಟು ಸಿಡಿ ಪೆನ್‌ಡ್ರೈವ್‌ಗೆ ಹಾಕಿದೆ ಕಣೋ, ಅರ್ಧ ಗಂಟೆ ಕೂಡ ಹಿಡೀಲಿಲ್ಲ. ಆದ್ರೆ ಕಾರು ಹಾಡ್ತಾನೇ ಇಲ್ಲ" ಅಂತ ದೊಡ್ಡಪ್ಪ ಫೋನ್ ಮಾಡಿದರು. ಹಳೇ ಕಾರಿನಲ್ಲಿ ಸಿಡಿ ಪ್ಲೇಯರ್ ಇತ್ತು. ಹೊಸದರಲ್ಲಿ ಬರೀ ಯುಎಸ್‌ಬಿ ತೂತು. ಸಂಜೆ ಮೈಸೂರಿನ ಸರಸ್ವತಿಪುರಂನಲ್ಲಿರುವ ಅವರ ಮನೆಗೆ ಹೋಗಿ ನೋಡಿದೆ. ಪಾಪ, ಒಂದೊಂದು ಸಿಡಿಗೂ ಒಂದು ಫೋಲ್ಡರ್ ಮಾಡಿ, ಗಾಯಕರ ಹೆಸರು ಬರೆದು, ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ಒಳಗೆ ನೋಡಿದರೆ ಟ್ರ್ಯಾಕ್01 ಡಾಟ್ ಸಿಡಿಎ, ಟ್ರ್ಯಾಕ್02 ಡಾಟ್ ಸಿಡಿಎ. ಒಂದೊಂದೂ 44 ಬೈಟ್. ಅದರಲ್ಲಿ ಹಾಡೇ ಇರುವುದಿಲ್ಲ. ಸಿಡಿಯಲ್ಲಿ ಹಾಡು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದ ಅನ್ನುವ ವಿಳಾಸ ಮಾತ್ರ. ಮದುವೆ ಮನೆಯಿಂದ ಊಟ ಕಟ್ಟಿಸಿಕೊಂಡು ಬಾ ಅಂದರೆ ಛತ್ರದ ಅಡ್ರೆಸ್ ಬರೆದುಕೊಂಡು ಬಂದ ಹಾಗೆ.

"ಹಾಗಾದ್ರೆ ನೀನೇ ಮಾಡ್ಕೊಡು" ಅಂದರು. ಬೀರು ತೆಗೆದು ತೋರಿಸಿದರು. 140ಕ್ಕೂ ಜಾಸ್ತಿ ಸಿಡಿ. ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್‌ನ ಗಣಪತಿ ಹಬ್ಬದ ಸಂಗೀತ ಕಚೇರಿಗಳನ್ನು ಒಂದು ವರ್ಷವೂ ತಪ್ಪಿಸದ ಮನುಷ್ಯ ಅವರು. ಇಷ್ಟವಾದವರ ಸಿಡಿ ಹುಡುಕಿ ಕೊಳ್ಳುತ್ತಿದ್ದರು. ನಾಲ್ಕು ತಿಂಗಳು ನನ್ನ ಭಾನುವಾರಗಳೆಲ್ಲ ಅದಕ್ಕೇ ಹೋದವು.

ಶುರು ಮಾಡುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದೆ. ಮೊದಲು ಎಲ್ಲವನ್ನೂ ಫ್ಲ್ಯಾಕ್ (ಸದ್ದಿನಲ್ಲಿ ಏನೂ ಕಳೆಯದ ಫೈಲ್) ಮಾಡುವುದು, ಕಾರಿಗೆ ಬೇಕಾದ ಎಂಪಿ3 ಅದರಿಂದ ಮಾಡಿಕೊಳ್ಳುವುದು. ಇದಕ್ಕೆ ಕಾರಣ ನನ್ನದೇ ಹಳೇ ದಡ್ಡತನ. 2009ರಲ್ಲಿ ನನ್ನ ಸುಮಾರು 40 ಸಿಡಿಗಳನ್ನು 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ಮಾಡಿ, ಮನೇಲಿ ಜಾಗ ಇಲ್ಲ ಅಂತ ಸಿಡಿಗಳನ್ನು ಯಾರ್ಯಾರಿಗೋ ಕೊಟ್ಟುಬಿಟ್ಟೆ. ಆಮೇಲೆ ಒಳ್ಳೇ ಹೆಡ್‌ಫೋನ್ ತಗೊಂಡು ಕೇಳಿದರೆ ತಂಬೂರಿ ನೀರಿನೊಳಗಿಂದ ಮೀಟಿದ ಹಾಗೆ ಕೇಳಿಸುತ್ತಿತ್ತು. ಎಂಪಿ3 ಫೈಲ್ ಚಿಕ್ಕದಾಗಲು ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗವನ್ನು ಕತ್ತರಿಸಿ ಬಿಸಾಕುತ್ತದೆ. ಬಿಸಾಕಿದ್ದು ಮತ್ತೆ ಬರುವುದಿಲ್ಲ. ಎಂಪಿ3ಯನ್ನು ಆಮೇಲೆ ಫ್ಲ್ಯಾಕ್ ಮಾಡಿದರೆ ಫೈಲ್ ದಪ್ಪ ಆಗುತ್ತದೆ, ಅಷ್ಟೇ.

ಲೆಕ್ಕ ಹೀಗಿದೆ. ಸಿಡಿಯಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳೆದ ಧ್ವನಿ ಇರುತ್ತದೆ, 16 ಬಿಟ್, ಎರಡು ಚಾನೆಲ್. ಒಂದು ನಿಮಿಷಕ್ಕೆ ಹತ್ತು ಎಂಬಿ ಚಿಲ್ಲರೆ. ಒಂದು ಗಂಟೆಯ ಸಿಡಿ ಅಂದರೆ 635 ಎಂಬಿ. ಫ್ಲ್ಯಾಕ್ ಅದನ್ನು ಏನೂ ಕಳೆಯದೆ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಒಬ್ಬರೇ ನುಡಿಸುವ ವೀಣೆ ಇನ್ನೂ ಚಿಕ್ಕದಾಯಿತು. ಅದೇ ಸಿಡಿ 320 ಕೆಬಿಪಿಎಸ್ ಎಂಪಿ3 ಆದರೆ 144 ಎಂಬಿ. ದೊಡ್ಡಪ್ಪನ ಬೀರು ಪೂರ್ತಿ ಫ್ಲ್ಯಾಕ್ ಆದಾಗ 50 ಜಿಬಿ ಕೂಡ ದಾಟಲಿಲ್ಲ. ಈಗಿನ ಹಾರ್ಡ್‌ಡಿಸ್ಕ್‌ಗೆ ಅದು ಯಾವ ಲೆಕ್ಕ?

ನನ್ನ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಡ್ರೈವ್ ಇಲ್ಲ. ಯುಎಸ್‌ಬಿ ಡಿವಿಡಿ ರೈಟರ್ ಒಂದನ್ನು ತಂದೆ. ಮೊದಲ ದಿನ ಅದು ಸಿಡಿ ನುಂಗಿ ಟಕ್ ಟಕ್ ಅಂತ ಬಡಿದುಕೊಂಡು ಸುಮ್ಮನಾಗುತ್ತಿತ್ತು. ವಾಪಸ್ ಕೊಡೋಣ ಅಂತಿದ್ದೆ. ನೋಡಿದರೆ ಯುಎಸ್‌ಬಿ ಹಬ್ (ಒಂದು ತೂತನ್ನು ಹಲವು ಮಾಡುವ ಡಬ್ಬಿ) ಮೂಲಕ ಚುಚ್ಚಿದ್ದೆ, ಕರೆಂಟ್ ಸಾಲುತ್ತಿರಲಿಲ್ಲ. ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿದ ಮೇಲೆ ತಕರಾರಿಲ್ಲ.

ಸಾಫ್ಟ್‌ವೇರ್ ಎರಡು ಇಟ್ಟುಕೊಂಡೆ, ಎರಡೂ ಬಿಟ್ಟಿ. ಗೀರಿಲ್ಲದ ಸಿಡಿಗೆ ಮತ್ತು ಫೈಲ್ ಬದಲಾಯಿಸಲು ಫ್ರೀ:ಎಸಿ. ಅದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಸಿಡಿ ಹಾಕಿ, ಫ್ಲ್ಯಾಕ್ ಆರಿಸಿ, ಬಟನ್ ಒತ್ತಿದರೆ ಮುಗಿಯಿತು. ಹಠಮಾರಿ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ, ಎಲ್ಲರೂ ಇಎಸಿ ಅನ್ನುವುದು. ಅದರ ಮುಖ ನೋಡಿದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋದ ಹಾಗಾಗುತ್ತದೆ. ಸೆಟ್ಟಿಂಗ್ ನೋಡಿದರೆ ಜ್ವರ ಬರುತ್ತದೆ. ಆದರೆ ಅದರ ಸೆಕ್ಯೂರ್ ಮೋಡ್ ಸಿಡಿಯ ಒಂದೊಂದು ಚೂರನ್ನೂ ಕನಿಷ್ಠ ಎರಡು ಸಲ ಓದುತ್ತದೆ. ಎರಡೂ ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಸಾಮಾನ್ಯ ಪ್ಲೇಯರ್ ಹಾಗಲ್ಲ, ಓದಲಾಗದ ಕಡೆ ಪಕ್ಕದ ಸದ್ದು ನೋಡಿ ಅಂದಾಜಿಗೆ ತೇಪೆ ಹಾಕಿ ಮುಂದೆ ಹೋಗುತ್ತದೆ.

ಒಂದು ಸಿಡಿ ಕಥೆ ಹೇಳಲೇಬೇಕು. ತೋಡಿ ರಾಗದಲ್ಲಿ ರಾಗ ತಾನ ಪಲ್ಲವಿ, ಅಂದರೆ ಮೂರು ಭಾಗದಲ್ಲಿ ಬೆಳೆಯುವ ದೊಡ್ಡ ಗಾಯನ, ಇದ್ದದ್ದು, ದೊಡ್ಡಪ್ಪನಿಗೆ ಜೀವ. ನಾಲ್ಕನೇ ಟ್ರ್ಯಾಕ್‌ನಲ್ಲಿ, ತಾನ ಕಾವೇರಿದ ಹೊತ್ತಿಗೆ ಸರಿಯಾಗಿ, ಟಪ್ ಟಪ್ ಅಂತ ಸದ್ದು. ಕೆಳಗಿನ ಹೊಳೆಯುವ ಕಡೆ ನೋಡಿದರೆ ಗೀರೇ ಇಲ್ಲ. ತಿರುಗಿಸಿ ಮೇಲಿನ ಲೇಬಲ್ ನೋಡಿದೆ. ದೊಡ್ಡಪ್ಪ ಬಾಲ್‌ಪೆನ್ನಿನಲ್ಲಿ ಒತ್ತಿ "ತೋಡಿ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು! ಸಿಡಿಯಲ್ಲಿ ಹಾಡು ಕೂತಿರುವ ಪದರ ಲೇಬಲ್‌ಗೆ ಅಂಟಿಕೊಂಡೇ ಇರುತ್ತದೆ. ಕೆಳಗೆ ಒಂದು ಮಿಲಿಮೀಟರಿಗಿಂತ ದಪ್ಪದ ಪ್ಲಾಸ್ಟಿಕ್ ಕಾವಲು, ಮೇಲೆ ಬರೀ ತೆಳು ಬಣ್ಣ. ಆ ಎರಡು ಗೆರೆಯ ಜಾಗದಲ್ಲೇ ತಾನ ಇತ್ತು. ಇಎಸಿಗೆ ಹಾಕಿ ಊಟಕ್ಕೆ ಕೂತೆವು. ಒಂದು ಟ್ರ್ಯಾಕ್‌ಗೆ ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಏಳು ಸದ್ದಿನಲ್ಲಿ ಆರು ಹೋದವು, ಒಂದು ಉಳಿಯಿತು. "ಇರ್ಲಿ ಬಿಡು, ಅದು ನಂದೇ ಸಹಿ" ಅಂದರು ದೊಡ್ಡಪ್ಪ.

ಸಿಡಿ ಒರೆಸುವುದರಲ್ಲೂ ನಮ್ಮ ಕೈ ಕೆಟ್ಟದ್ದು. ತಟ್ಟೆ ಒರೆಸಿದ ಹಾಗೆ ಸುತ್ತ ತಿಕ್ಕುತ್ತೇವೆ. ಹಾಡು ಸುತ್ತಾಗಿಯೇ ಬರೆದಿರುವುದರಿಂದ ಆ ದಿಕ್ಕಿನ ಗೀರು ಒಂದೇ ಕಡೆ ತುಂಬಾ ಹೊತ್ತಿನ ಸದ್ದನ್ನು ತಿಂದುಹಾಕುತ್ತದೆ. ಮಧ್ಯದಿಂದ ಅಂಚಿಗೆ ನೇರ ಒರೆಸಬೇಕು. ಹಳೇ ಕಾಟನ್ ಪಂಚೆ ತುಂಡು, ಸ್ವಲ್ಪ ಸೋಪಿನ ನೀರು ಸಾಕು.

ರಾಗ ತಾನ ಪಲ್ಲವಿ ಇನ್ನೊಂದು ಪಾಠವನ್ನೂ ಕಲಿಸಿತು. ಆ ಸಿಡಿಯಲ್ಲಿ ರಾಗ, ತಾನ, ಪಲ್ಲವಿ ಬೇರೆ ಬೇರೆ ಟ್ರ್ಯಾಕ್, ಆದರೆ ಗಾಯನ ನಿಲ್ಲುವುದೇ ಇಲ್ಲ. ಎಂಪಿ3 ಮಾಡಿದಾಗ ಹಿಂದೆ ಮುಂದೆ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಕಾರಿನಲ್ಲಿ ಟ್ರ್ಯಾಕ್ ದಾಟುವಾಗ ಶ್ರುತಿ ಕ್ಷಣಕಾಲ ಕಡಿದ ಹಾಗೆ ಆಗುತ್ತದೆ. ಸಿನಿಮಾ ಹಾಡಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲಿ ಮುಖಕ್ಕೆ ಹೊಡೆದ ಹಾಗೆ. ಫ್ರೀ:ಎಸಿಯಲ್ಲಿ ಎಲ್ಲ ಟ್ರ್ಯಾಕ್ ಸೇರಿಸಿ ಒಂದೇ ಫೈಲ್ ಮಾಡುವ ಆಯ್ಕೆ ಇದೆ. ಇಂಥ ಮೂರನ್ನು ಸೇರಿಸಿ 50 ನಿಮಿಷದ ಒಂದೇ ಫೈಲ್ ಮಾಡಿಟ್ಟೆ.

ನಿಜವಾದ ಕೂಲಿ ಕೆಲಸ ಅಂದರೆ ಹೆಸರು ಬರೆಯುವುದು. ಹೆಚ್ಚಿನ ಸಿಡಿಗಳಲ್ಲಿ ಹಾಡಿನ ಹೆಸರು ಇರುವುದೇ ಇಲ್ಲ. ಟ್ರ್ಯಾಕ್‌ಗಳು ಎಲ್ಲೆಲ್ಲಿ ಶುರುವಾಗುತ್ತವೆ ಅನ್ನುವುದನ್ನು ಲೆಕ್ಕ ಹಾಕಿ ಸಾಫ್ಟ್‌ವೇರ್ ಅದನ್ನು ಇಂಟರ್ನೆಟ್‌ನ ಪಟ್ಟಿಯಲ್ಲಿ ಹುಡುಕುತ್ತದೆ. ಹಳೇ ಪುಸ್ತಕಗಳಲ್ಲಿ ಹೇಳುವ ಫ್ರೀಡಿಬಿ 2020ರಲ್ಲೇ ಮುಚ್ಚಿತು. ಈಗ ಮ್ಯೂಸಿಕ್‌ಬ್ರೈನ್ಜ್, ಗ್ನುಡಿಬಿ ಇವೆ. ನಮ್ಮ ಸಿಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿ ಸಿಗಲಿಲ್ಲ. ದಾಸರ ಪದದ ಒಂದು ಸಿಡಿಗಂತೂ ಯಾವುದೋ ಜರ್ಮನ್ ಹಾಡುಗಳ ಹೆಸರು ಬಂತು. ಸಿಕ್ಕಿದವಕ್ಕೂ ಒಂದೇ ರಾಗಕ್ಕೆ ಇಂಗ್ಲಿಷ್‌ನಲ್ಲಿ ನಾಲ್ಕು ಥರ ಸ್ಪೆಲ್ಲಿಂಗ್. ಕೊನೆಗೆ ದೊಡ್ಡಪ್ಪ ಕವರ್ ನೋಡಿ ಓದುವುದು, ನಾನು ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡುವುದು. ನಡುನಡುವೆ "ಇದು ಖರಹರಪ್ರಿಯ ಅಂತ ತಪ್ಪು ಪ್ರಿಂಟ್ ಮಾಡಿದಾರೆ, ಕೇಳು ಬೇಕಾದ್ರೆ" ಅಂತ ಹಾಡಿಸುವುದು. ಕೆಲಸ ಹೇಗೆ ಮುಗಿಯಬೇಕು ಹೇಳಿ.

ಕನ್ನಡದಲ್ಲೇ ಬರೆದೆ. ಲ್ಯಾಪ್‌ಟಾಪ್, ಮೊಬೈಲ್ ಎರಡರಲ್ಲೂ ಚೆನ್ನಾಗಿ ಕಾಣಿಸಿತು. ಕಾರಿನ ಪರದೆಯಲ್ಲಿ ಮಾತ್ರ ಬರೀ ಚೌಕ ಚೌಕ. ಹಾಗಾಗಿ ಮೂಲ ಫ್ಲ್ಯಾಕ್‌ನಲ್ಲಿ ಕನ್ನಡ ಇಟ್ಟು, ಕಾರಿನ ಎಂಪಿ3ಗೆ ಇಂಗ್ಲಿಷ್ ಅಕ್ಷರದಲ್ಲಿ ಇನ್ನೊಂದು ಸಲ ಬರೆದೆ. ಬೇಜಾರಾಯಿತು, ನಿಜ. ನಂಬರ್ 1, 2 ಅಂತ ಹಾಕದೆ 01, 02 ಅಂತ ಹಾಕಿದೆ. ಇಲ್ಲದಿದ್ದರೆ ಕಾರು 1 ಆದ ಮೇಲೆ 10 ಹಾಡುತ್ತದೆ, ಕಚೇರಿ ಶುರುವಿನ ವರ್ಣ ಮುಗಿಯುತ್ತಿದ್ದ ಹಾಗೆ ಕೊನೆಯ ಮಂಗಳ!

ಇದರಲ್ಲಿ ಒಂದು ಉಪಾಯ ಹೊಳೆಯಿತು, ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆ. ರಾಕ್, ಪಾಪ್ ಅಂತ ಬರೆಯಲು ಇರುವ ಜಾನ್ರ್ ಅನ್ನುವ ಖಾನೆಯಲ್ಲಿ ರಾಗದ ಹೆಸರು ಹಾಕಿದೆ. ಕಂಪೋಸರ್ ಖಾನೆಯಲ್ಲಿ ತ್ಯಾಗರಾಜರು, ದೀಕ್ಷಿತರು, ಪುರಂದರದಾಸರು. ಈಗ ಕಾರಿನಲ್ಲಿ ಜಾನ್ರ್ ಒತ್ತಿ ಕಲ್ಯಾಣಿ ಆರಿಸಿದರೆ ಬೀರುವಿನಲ್ಲಿರುವ ಕಲ್ಯಾಣಿಗಳೆಲ್ಲ ಸಾಲಾಗಿ ಬರುತ್ತವೆ. ನಂಜನಗೂಡಿಗೆ ಹೋಗಿ ಬರುವಷ್ಟರಲ್ಲಿ ಐದಾರು ಜನರ ಕಲ್ಯಾಣಿ ಕೇಳಬಹುದು.

ನೂರು ಹಾಡಿನ ಎಂಪಿ3 ಸಿಡಿಗಳು ಎಂಟು ಇದ್ದವು. ಅವನ್ನು ರಿಪ್ ಮಾಡುವುದೇ (ಸಿಡಿಯಿಂದ ಹಾಡು ಓದಿ ಫೈಲ್ ಮಾಡುವುದೇ) ಬೇಡ. ಅವು ಡೇಟಾ ಸಿಡಿ, ದೊಡ್ಡಪ್ಪ ಮಾಡಿದ ಹಾಗೆ ಕಾಪಿ ಪೇಸ್ಟ್ ಸಾಕು. ಎಲ್ಲ ಬಿಟ್ಟು ಅವನ್ನೇ ಅವರು ಕಾಪಿ ಮಾಡಿರಲಿಲ್ಲ!

ಪಕ್ಕದ ಮನೆಯವರು ಯೂಟ್ಯೂಬ್‌ಗೆ ಹಾಕಿ ಅಂದರು. ಆಗುವುದಿಲ್ಲ ಅಂದೆ. ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ದುಡ್ಡು ಕೊಟ್ಟು ತಂದದ್ದನ್ನು ನಾವು ಕೇಳಲು ಮಾಡಿಕೊಂಡದ್ದು, ಅಷ್ಟೇ.

ಮನೆಯಲ್ಲೇ ಬರ್ನ್ ಮಾಡಿದ ಎರಡು ಸಿಡಿ ಇನ್ನೂ ಓದಿಲ್ಲ. ಒಂದರ ಮೇಲೆ "ಅಮ್ಮನ ಹಾಡು, ಗೌರಿ ಹಬ್ಬ" ಅಂತಿದೆ. ಅಜ್ಜಿಯ ದನಿ ಇರುವುದು ಅದೊಂದರಲ್ಲೇ. ಹಳೇ ಡ್ರೈವ್‌ಗಳು ಕೆಲವು ಸಲ ಹೊಸದಕ್ಕಿಂತ ಚೆನ್ನಾಗಿ ಓದುತ್ತವೆ. ಆಫೀಸಿನ ಗೆಳೆಯನ ಮನೆ ಅಟ್ಟದಲ್ಲಿ ಹಳೇ ಡೆಸ್ಕ್‌ಟಾಪ್ ಇದೆಯಂತೆ, ಬರುವ ಭಾನುವಾರ ಇಳಿಸುತ್ತೇವೆ.