ಅಂಡಮಾನಿನ ಕಾಡು ಮತ್ತು ಕಡಲನ್ನು ನೋಡುವ ಕ್ರಮ

ಅಂಡಮಾನ್ ದ್ವೀಪಗಳಿಗೆ ಹೋಗುವವರಲ್ಲಿ ಬಹುಪಾಲು ಜನ ಸೆಲ್ಯುಲರ್ ಜೈಲು, ಒಂದೆರಡು ಕಡಲತೀರ, ಒಂದು ದೋಣಿಯಾನ ಇಷ್ಟನ್ನು ಮುಗಿಸಿಕೊಂಡು ಮರಳುತ್ತಾರೆ. ಅಲ್ಲಿನ ಗಿಡಮರ, ಹಕ್ಕಿ ಮತ್ತು ಕಡಲಜೀವಿಗಳನ್ನು ನೋಡಲೆಂದೇ ಹೊರಡುವವರು ಪ್ರವಾಸದ ಲೆಕ್ಕಾಚಾರವನ್ನು ಮೊದಲಿನಿಂದಲೇ ಬೇರೆ ರೀತಿಯಲ್ಲಿ ಹಾಕಿಕೊಳ್ಳಬೇಕು. ಒಂದು ವಾರದ ಬಿಡುವಿದ್ದರೆ ದಕ್ಷಿಣ ಅಂಡಮಾನ್ ಒಂದೇ ಸಾಕು. ಪೋರ್ಟ್ ಬ್ಲೇರಿನಲ್ಲಿ (2024ರಿಂದ ಅದರ ಅಧಿಕೃತ ಹೆಸರು ಶ್ರೀ ವಿಜಯಪುರಂ) ನೆಲೆ ಮಾಡಿಕೊಂಡು, ನೀರಿನಂಚಿನಿಂದ ಗುಡ್ಡದ ನೆತ್ತಿಯವರೆಗಿನ ದಾರಿಯನ್ನು ಹೊತ್ತು ಬದಲಿಸಿ ಹಲವು ಬಾರಿ ನಡೆಯುವವರಿಗೆ, ಮೂರು ನಾಲ್ಕು ದ್ವೀಪಗಳನ್ನು ಓಡೋಡಿ ಸುತ್ತಿದವರಿಗೆ ಕಾಣದಷ್ಟು ಕಾಣುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊರಡುವ ಮೊದಲು ನಕ್ಷೆಯನ್ನು ಬಿಡಿಸಿ ನೋಡಿಕೊಳ್ಳಬೇಕು. ಮ್ಯಾನ್ಮಾರಿನ ಅರಕಾನ್ ಪರ್ವತಶ್ರೇಣಿ ದಕ್ಷಿಣಕ್ಕೆ ಸಮುದ್ರದೊಳಗೆ ಇಳಿದು ಮುಂದುವರಿದಾಗ ನೀರಿನ ಮೇಲೆ ಉಳಿದುಕೊಂಡ ಶಿಖರಗಳೇ ಅಂಡಮಾನ್. ಅಲ್ಲಿಂದ ದಕ್ಷಿಣಕ್ಕೆ, ಸುಮಾರು 150 ಕಿಲೋಮೀಟರ್ ಅಗಲದ ‘ಹತ್ತು ಡಿಗ್ರಿ ಕಾಲುವೆ’ಯನ್ನು ದಾಟಿದರೆ ನಿಕೋಬಾರ್. ಆದ್ದರಿಂದ ಅಂಡಮಾನಿನ ಜೀವಿಗಳ ನೆಂಟಸ್ತನ ಹೆಚ್ಚಾಗಿ ಮ್ಯಾನ್ಮಾರಿನ ಕಡೆಗೂ, ನಿಕೋಬಾರಿನವುಗಳ ನೆಂಟಸ್ತನ ಸುಮಾತ್ರಾದ ಕಡೆಗೂ ಇದೆ. ಕಡಲು ದಾಟಲಾಗದ ದೊಡ್ಡ ಪ್ರಾಣಿಗಳು ಇಲ್ಲಿಗೆ ಬರಲೇ ಇಲ್ಲ. ಅಂಡಮಾನಿನಲ್ಲಿ ಹುಲಿ, ಚಿರತೆಗಳಿಲ್ಲ, ಮೂಲವಾಸಿಯಾದ ಜಿಂಕೆಯಿಲ್ಲ, ಮಂಗವೂ ಇಲ್ಲ. ನೀಳಬಾಲದ ಮಂಗವನ್ನು ನೋಡಬೇಕಾದರೆ ನಿಕೋಬಾರಿಗೇ ಹೋಗಬೇಕು. ಮಲೆನಾಡಿನ ಕಾಡಿನಲ್ಲಿ ದಿನವಿಡೀ ಕೂಗುವ ಕುಟ್ರುಹಕ್ಕಿಯ ದನಿ ಇಲ್ಲಿ ಕೇಳಿಸುವುದಿಲ್ಲ. ಮೊದಲ ದಿನವೇ ಇಂತಹ ಇಲ್ಲಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಯಾವ ಜೀವಿ ಇಲ್ಲ ಎಂಬುದು ತಿಳಿದರೆ ಇರುವ ಜೀವಿಗಳು ಏಕೆ ಹಾಗಿವೆ ಎಂಬುದು ಬೇಗ ಅರ್ಥವಾಗುತ್ತದೆ.

ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿ ಅತ್ಯಂತ ಅನುಕೂಲಕರ. ಮೇ ತಿಂಗಳಿನಿಂದ ನೈರುತ್ಯ ಮಾರುತದ ಮಳೆ, ವರ್ಷದ ಕೊನೆಯಲ್ಲಿ ಈಶಾನ್ಯ ಮಾರುತದ ಮಳೆ ಎರಡೂ ಇಲ್ಲಿ ಸುರಿಯುತ್ತವೆ. ಒಟ್ಟು ಮಳೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ಗಡಿಯಾರದ ವಿಷಯದಲ್ಲಿ ಕರ್ನಾಟಕದಿಂದ ಹೋದವರು ವಿಶೇಷ ಎಚ್ಚರ ವಹಿಸಬೇಕು. ಪೋರ್ಟ್ ಬ್ಲೇರ್ ಬೆಂಗಳೂರಿಗಿಂತ ರೇಖಾಂಶದಲ್ಲಿ ಸುಮಾರು 15 ಡಿಗ್ರಿ ಪೂರ್ವಕ್ಕಿದ್ದರೂ ಗಡಿಯಾರ ಒಂದೇ ಆಗಿರುವುದರಿಂದ, ಅಲ್ಲಿ ಸೂರ್ಯ ಹೆಚ್ಚುಕಡಿಮೆ ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಊರಿನ ಅಭ್ಯಾಸದಂತೆ ಏಳು ಗಂಟೆಗೆ ಕಾಡಿನ ಬಾಯಿಗೆ ಬಂದವರು ಹಕ್ಕಿಗಳ ಅತ್ಯುತ್ತಮ ವೇಳೆಯನ್ನು ಆಗಲೇ ಕಳೆದುಕೊಂಡಿರುತ್ತಾರೆ. ಬೆಳಿಗ್ಗೆ ಐದಕ್ಕೆಲ್ಲ ಸಿದ್ಧರಾಗಿರಬೇಕು. ಸಂಜೆಯ ನಡಿಗೆಯನ್ನು ನಾಲ್ಕಕ್ಕೂ ಮುಂಚೆ ಆರಂಭಿಸಬೇಕು.

ಗಡಿಯಾರದಷ್ಟೇ ಮುಖ್ಯವಾದುದು ಕಡಲಿನ ಉಬ್ಬರವಿಳಿತದ ವೇಳಾಪಟ್ಟಿ. ದಿನಕ್ಕೆ ಎರಡು ಬಾರಿ ನೀರು ಏರಿ ಇಳಿಯುತ್ತದೆ, ಮತ್ತು ಈ ಹೊತ್ತು ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಗಳ ಸುತ್ತಲಿನ ದಿನಗಳಲ್ಲಿ ಇಳಿತ ಅತಿ ಹೆಚ್ಚಾಗಿರುವುದರಿಂದ, ಸಾಧ್ಯವಾದರೆ ಪ್ರವಾಸದ ದಿನಾಂಕವನ್ನೇ ಪಂಚಾಂಗ ನೋಡಿ ಗೊತ್ತುಮಾಡಿಕೊಳ್ಳಬಹುದು. ಶಹೀದ್ ದ್ವೀಪದ (ಹಿಂದಿನ ನೀಲ್) ಸಹಜ ಕಲ್ಲುಕಮಾನಿನ ಬಳಿ, ಇಳಿತದ ವೇಳೆ ಬಂಡೆಗಳ ನಡುವೆ ಉಳಿಯುವ ಕೊಳಗಳಲ್ಲಿ ಕಡಲಸೌತೆ, ಏಡಿ, ಸಣ್ಣ ಮೀನು ಮತ್ತು ಹವಳಗಳನ್ನು ಈಜು ಬಾರದವರೂ ನೋಡಬಹುದು. ಗಟ್ಟಿ ಅಡಿಯ ಪಾದರಕ್ಷೆ ಧರಿಸಿ ಬರಿಯ ಬಂಡೆ ಅಥವಾ ಮರಳಿನ ಮೇಲೆ ಮಾತ್ರ ಕಾಲಿಡಬೇಕು. ಶಂಖದಾಕಾರದ ಚೆಲುವಾದ ಚಿಪ್ಪು ಕಂಡಿತೆಂದು ಎತ್ತಿಕೊಳ್ಳಬಾರದು. ಕೋನ್ ಜಾತಿಯ ಬಸವನಹುಳುಗಳು ವಿಷದ ಮುಳ್ಳಿನಿಂದ ಚುಚ್ಚುತ್ತವೆ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಬೇಕು, ಏಕೆಂದರೆ ಸನ್ಯಾಸಿ ಏಡಿಗಳಿಗೆ ಅದೇ ಮನೆ.

ಸಸ್ಯಗಳನ್ನು ಗುರುತಿಸಲು ತೀರದಿಂದ ಒಳಕ್ಕೆ ನಡೆಯುವುದೇ ಸುಲಭವಾದ ವಿಧಾನ. ಮರಳಿನ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿಯ ಹಿಂದೆ ಕೇದಿಗೆಯ ಪೊದೆಗಳು, ಅವುಗಳ ಹಿಂದೆ ಸುರಹೊನ್ನೆ, ನಾಡಬಾದಾಮಿ, ಸ್ಥಳೀಯರು ‘ಸೀ ಮಹುವಾ’ ಎನ್ನುವ ಎತ್ತರದ ಮರಗಳು ಬರುತ್ತವೆ. ಇಲ್ಲಿ ಬಿದ್ದಿರುವ ಹಣ್ಣುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಬೇಕು. ಹಗುರವಾದ, ನಾರು ತುಂಬಿದ, ನೀರು ಒಳಹೋಗದ ಸಿಪ್ಪೆ ಇದ್ದರೆ ಆ ಮರ ಕಡಲಿನ ದಾರಿಯಲ್ಲಿ ಬಂದದ್ದು. ನಾಲ್ಕು ಮೂಲೆಯ ಪೆಟ್ಟಿಗೆಯಂತಿರುವ ಬ್ಯಾರಿಂಗ್ಟೋನಿಯಾದ ಕಾಯಿ ಇದಕ್ಕೆ ಸ್ಪಷ್ಟ ನಿದರ್ಶನ. ಇದೇ ಮರದ ಹೂವು ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರುವುದರಿಂದ, ನಸುಕಿನಲ್ಲಿ ಮರದ ಬುಡದಲ್ಲಿ ಹರಡಿರುವ ಗುಲಾಬಿ ತುದಿಯ ಬಿಳಿ ಕೇಸರಗಳಿಂದಲೇ ಅದನ್ನು ಗುರುತಿಸಬಹುದು. ಇನ್ನೂ ಒಳಕ್ಕೆ ಹೋದಂತೆ ರೆಕ್ಕೆಯುಳ್ಳ ಬೀಜಗಳೂ ಹಕ್ಕಿಗಳು ನುಂಗುವ ತಿರುಳಿನ ಹಣ್ಣುಗಳೂ ಹೆಚ್ಚುತ್ತವೆ. ಎರಡು ಉದ್ದ ರೆಕ್ಕೆಗಳ ಗರ್ಜನ್ ಕಾಯಿ ತಿರುತಿರುಗುತ್ತ ಇಳಿಯುವುದನ್ನು ನೋಡಲು ಸಿಕ್ಕರೆ ತಲೆಯೆತ್ತಿ ಮರದ ಎತ್ತರವನ್ನೂ ಗಮನಿಸಬೇಕು.

ದ್ವೀಪಗಳ ರಾಜ್ಯವೃಕ್ಷವಾದ ಅಂಡಮಾನ್ ಪಡೌಕ್ ಕನ್ನಡಿಗರಿಗೆ ಅಪರಿಚಿತವೆನಿಸಬಾರದು, ಏಕೆಂದರೆ ನಮ್ಮ ಕಾಡಿನ ಹೊನ್ನೆ ಮತ್ತು ಆಂಧ್ರದ ರಕ್ತಚಂದನ ಅದೇ ಕುಲಕ್ಕೆ ಸೇರಿದವು. ಹಳದಿ ಹೂವು, ಸುತ್ತ ರೆಕ್ಕೆಯಿರುವ ದುಂಡು ಚಪ್ಪಟೆ ಕಾಯಿ ಇವೆರಡನ್ನು ಹೊನ್ನೆಯಲ್ಲಿ ನೋಡಿದವರು ಪಡೌಕನ್ನು ಸುಲಭವಾಗಿ ಗುರುತಿಸುತ್ತಾರೆ. ದೊಡ್ಡ ಮರಗಳಲ್ಲಿ ಬುಡದಿಂದ ಹೊರಚಾಚಿದ ಹಲಗೆಬೇರುಗಳು ಇನ್ನೊಂದು ಗುರುತು.

ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ಬೇರುಗಳೇ ಗುರುತಿನ ಚೀಟಿ. ಕಮಾನಿನಂತೆ ಊರುಗೋಲು ಬೇರುಗಳಿದ್ದರೆ ರೈಜೋಫೊರಾ, ಮಂಡಿ ಮಡಚಿದಂತಹ ಬೇರುಗಳಿದ್ದರೆ ಬ್ರುಗೇರಾ, ಪೆನ್ಸಿಲಿನಂತೆ ಕೆಸರಿನಿಂದ ಮೇಲೆದ್ದಿದ್ದರೆ ಅವಿಸೀನಿಯಾ. ಅಘನಾಶಿನಿಯ ಅಳಿವೆಯಲ್ಲಿ ಇವನ್ನು ಕಂಡವರಿಗೂ ಇಲ್ಲಿನ ಮರಗಳ ಎತ್ತರ ಅಚ್ಚರಿ ತರುತ್ತದೆ. ಬಾರಾಟಾಂಗ್ ದ್ವೀಪಕ್ಕೆ ದೋಣಿಯಲ್ಲಿ ಹೋಗುವಾಗ, ಇಲ್ಲವೇ ರಂಗತ್ ಸಮೀಪದ ಧನಿ ನಾಲಾದ ಮರದ ಹಲಗೆಯ ನಡೆದಾರಿಯಲ್ಲಿ ಇವನ್ನು ಹತ್ತಿರದಿಂದ ನೋಡಬಹುದು. ನೀರಿನಂಚಿಗೆ ಮಾತ್ರ ಇಳಿಯಲೇಬಾರದು. ಈ ಹಳ್ಳಗಳು ಉಪ್ಪುನೀರಿನ ಮೊಸಳೆಗಳ ನೆಲೆ, ಮತ್ತು ಅವು ಕಡಲನ್ನೂ ಈಜಿ ದಾಟುತ್ತವೆ; 2010ರಲ್ಲಿ ಹ್ಯಾವ್‌ಲಾಕ್ (ಈಗ ಸ್ವರಾಜ್ ದ್ವೀಪ) ತೀರದಲ್ಲಿ ಸ್ನಾರ್ಕೆಲ್ ಮಾಡುತ್ತಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿರುವಲ್ಲಿ ಯಾರ ಮಾತಿಗೂ ಕಿವಿಗೊಟ್ಟು ನೀರಿಗಿಳಿಯಬಾರದು.

ಹಕ್ಕಿಗಳಿಗೆ ಪೋರ್ಟ್ ಬ್ಲೇರಿನಿಂದ ಸುಮಾರು 25 ಕಿಲೋಮೀಟರ್ ದೂರದ ಚಿಡಿಯಾ ಟಾಪು ಮತ್ತು ಕೊಲ್ಲಿಯ ಆಚೆಗಿರುವ ಮೌಂಟ್ ಮಣಿಪುರ (ಮೊದಲಿನ ಮೌಂಟ್ ಹ್ಯಾರಿಯಟ್) ರಾಷ್ಟ್ರೀಯ ಉದ್ಯಾನ ಉತ್ತಮ. ಕಾಡಿನೊಳಗೆ ಹಕ್ಕಿಗಳನ್ನು ಹುಡುಕುತ್ತ ಅಲೆಯುವುದಕ್ಕಿಂತ ಕಾಜಾಣದ ದನಿ ಕೇಳಿದಲ್ಲಿ ನಿಂತುಬಿಡುವುದು ಫಲಕಾರಿ. ಭೀಮರಾಜ ಮತ್ತು ಅಂಡಮಾನ್ ಕಾಜಾಣಗಳ ಜೊತೆ ಬೇರೆ ಬೇರೆ ಹಕ್ಕಿಗಳು ಗುಂಪುಕಟ್ಟಿ ಹುಳು ಹಿಡಿಯುತ್ತ ಸಾಗುವುದರಿಂದ, ಅಂಡಮಾನ್ ಮಟಪಕ್ಷಿ, ಮೈಪೂರ್ತಿ ಕಪ್ಪಾದ ಅಂಡಮಾನ್ ಮರಕುಟಿಗ ಮುಂತಾದವು ಒಂದೇ ಜಾಗದಲ್ಲಿ ಒಂದರ ಹಿಂದೊಂದು ಕಾಣಿಸಿಕೊಳ್ಳುತ್ತವೆ. ಕಂದುಬಣ್ಣದ ಅಂಡಮಾನ್ ಕೆಂಬೂತವನ್ನು ರಸ್ತೆಯಂಚಿನ ಪೊದೆಗಳಲ್ಲಿ ಹುಡುಕಬೇಕು. ಇಲ್ಲಿ ಸಾಮಾನ್ಯವಾಗಿ ಕಾಣುವ ಹಕ್ಕಿಯೂ ಜಗತ್ತಿನ ಬೇರೆಲ್ಲೂ ಇಲ್ಲದ್ದಾಗಿರಬಹುದು. ಆದ್ದರಿಂದ ಅಪರೂಪದ ಬೆನ್ನುಹತ್ತಿ ಎದುರಿಗಿರುವುದನ್ನು ಕಡೆಗಣಿಸಬಾರದು. ನಾರ್ಕೊಂಡಂ ಮಂಗಟ್ಟೆಯ ಆಸೆಯನ್ನು ಸಾಮಾನ್ಯ ಪ್ರವಾಸಿಗರು ಬಿಡುವುದೇ ಸರಿ: ಏಳು ಚದರ ಕಿಲೋಮೀಟರಿನಷ್ಟೂ ಇಲ್ಲದ ಆ ಒಂದೇ ದ್ವೀಪದಲ್ಲಿ ಬದುಕಿರುವ ಹಕ್ಕಿಯದು, ಮತ್ತು ಅಲ್ಲಿಗೆ ವಿಶೇಷ ಅನುಮತಿಯಿಲ್ಲದೆ ಹೋಗುವಂತಿಲ್ಲ.

ಕತ್ತಲಾದ ಮೇಲೆ ಚಿಡಿಯಾ ಟಾಪುವಿನ ರಸ್ತೆಯಲ್ಲಿ ಗೂಬೆಗಳನ್ನು ಕೇಳಬಹುದು. ಮೊಬೈಲಿನಲ್ಲಿ ಅವುಗಳ ಕೂಗನ್ನು ಮತ್ತೆ ಮತ್ತೆ ನುಡಿಸಿ ಕರೆಯುವ ಪದ್ಧತಿ ತಪ್ಪು. ಅದು ಹಕ್ಕಿಯ ಬೇಟೆಯ ಹೊತ್ತನ್ನೂ ಮರಿಗಳ ಊಟವನ್ನೂ ಕಸಿಯುತ್ತದೆ.

ಸಿಪ್ಪಿಘಾಟ್‌ಗೆ ಒಂದು ಬೆಳಗನ್ನು ಮೀಸಲಿಡಲೇಬೇಕು. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿದಾಗ ಇಲ್ಲಿನ ಹೊಲಗದ್ದೆಗಳಿಗೆ ಸಮುದ್ರದ ನೀರು ನುಗ್ಗಿ ಅಲ್ಲೇ ಉಳಿಯಿತು. ರೈತರು ಕಳೆದುಕೊಂಡ ಆ ನೆಲದಲ್ಲಿ ಈಗ ಕಣ್ಣಿನ ಸುತ್ತ ಬಿಳಿಮಚ್ಚೆಯ ಅಂಡಮಾನ್ ಬಾತು ಮತ್ತು ಚಳಿಗಾಲದ ವಲಸೆಹಕ್ಕಿಗಳು ಇಳಿಯುತ್ತವೆ. ಅದೇ ಭೂಕಂಪ ಉತ್ತರ ಅಂಡಮಾನಿನಲ್ಲಿ ನೆಲವನ್ನು ಮೇಲಕ್ಕೆತ್ತಿ ಹವಳದ ದಿಬ್ಬಗಳನ್ನು ಬಿಸಿಲಿಗೆ ಒಡ್ಡಿ ಕೊಂದಿತು. ಈ ಎರಡನ್ನೂ ತಿಳಿದು ನೋಡಿದರೆ, ತೀರದಲ್ಲಿ ನಿಂತ ಒಣಮರಗಳ ಸಾಲು ಏನು ಹೇಳುತ್ತಿದೆ ಎಂಬುದು ತಿಳಿಯುತ್ತದೆ.

ಹವಳಗಳಿಗಾಗಿ ವಂಡೂರಿನ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬಹುದು. 1983ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ದ್ವೀಪಗಳನ್ನು ಋತುವಿನಂತೆ ಸರದಿಯಲ್ಲಿ ಪ್ರವಾಸಿಗರಿಗೆ ತೆರೆಯುತ್ತಾರೆ. ಬಳಸಿ ಎಸೆಯುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ನೀರಿಗಿಳಿದ ಮೇಲೆ ದೇಹವನ್ನು ಅಡ್ಡಲಾಗಿ ತೇಲಿಸಿ ನಿಧಾನವಾಗಿ ಕಾಲಾಡಿಸಬೇಕು. ಸುಸ್ತಾದರೆ ದೋಣಿಗೆ ಮರಳಬೇಕೇ ಹೊರತು ಹವಳದ ಮೇಲೆ ನಿಲ್ಲಬಾರದು. 2010ರ ಬಿಸಿನೀರಿನಲ್ಲಿ ಇಲ್ಲಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳುಚಿಕೊಂಡಿದ್ದವು. ಚೇತರಿಸಿಕೊಳ್ಳುತ್ತಿರುವ ಒಂದು ಕೊಂಬೆ ಒಬ್ಬರ ಕಾಲಿನ ಒಂದೇ ಒದೆತಕ್ಕೆ ಮುರಿಯುತ್ತದೆ.

ಕಡಲಾಮೆಗಳ ನಾಲ್ಕು ಪ್ರಭೇದಗಳು ಈ ದ್ವೀಪಸರಣಿಯಲ್ಲಿ ಮೊಟ್ಟೆಯಿಡುತ್ತವೆ. ಅವನ್ನು ನೋಡಲು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ದಿಗ್ಲಿಪುರದ ಬಳಿಯ ಕಾಲಿಪುರಕ್ಕೆ ಹೋಗಿ, ಅರಣ್ಯ ಇಲಾಖೆಯ ಸಿಬ್ಬಂದಿಯ ಜೊತೆಯಲ್ಲೇ ರಾತ್ರಿ ತೀರದಲ್ಲಿ ನಡೆಯಬೇಕು. ಬಿಳಿ ಬೆಳಕಿನ ಟಾರ್ಚ್ ಮತ್ತು ಕ್ಯಾಮೆರಾದ ಫ್ಲ್ಯಾಶ್ ಎರಡನ್ನೂ ಕೋಣೆಯಲ್ಲೇ ಬಿಟ್ಟು ಬರಬೇಕು. ಆಮೆ ಗುಂಡಿ ತೋಡಿ ಮೊಟ್ಟೆಯಿಡಲು ಆರಂಭಿಸುವ ತನಕ ದೂರದಲ್ಲಿ ಕುಳಿತಿರಬೇಕು. ಅದಕ್ಕೂ ಸಮುದ್ರಕ್ಕೂ ನಡುವೆ ಯಾರೂ ಬರಬಾರದು.

ಬಾರಾಟಾಂಗ್, ರಂಗತ್, ದಿಗ್ಲಿಪುರಗಳಿಗೆ ಹೋಗುವ ಹೆದ್ದಾರಿ ಜಾರವಾ ಆದಿವಾಸಿಗಳ ಮೀಸಲು ಪ್ರದೇಶದ ಮೂಲಕ ಸಾಗುತ್ತದೆ. ಅಲ್ಲಿ ವಾಹನ ನಿಲ್ಲಿಸುವುದು, ಅವರ ಚಿತ್ರ ತೆಗೆಯುವುದು, ತಿನಿಸು ಕೊಡುವುದು ಅಪರಾಧ. ಕ್ಯಾಮೆರಾವನ್ನು ಚೀಲದೊಳಗಿಟ್ಟು ಬೀಗ ಹಾಕಿಬಿಡುವುದೇ ಲೇಸು. ಹವಳದ ತುಂಡುಗಳನ್ನು ಊರಿಗೆ ಒಯ್ಯುವುದು ಕೂಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೇ.

ಟಿಪ್ಪಣಿ ಬರೆಯುವಾಗ ದಿನಾಂಕ ಮತ್ತು ಗಂಟೆಯ ಜೊತೆಗೆ ನೀರು ಏರುತ್ತಿತ್ತೇ ಇಳಿಯುತ್ತಿತ್ತೇ, ತೀರದಿಂದ ಎಷ್ಟು ದೂರ ಎಂಬುದನ್ನೂ ಸೇರಿಸಬೇಕು. ಹೊರಗಿನಿಂದ ಬಂದ ಜೀವಿಗಳನ್ನು ಪ್ರತ್ಯೇಕ ಪುಟದಲ್ಲಿ ದಾಖಲಿಸಬೇಕು. ಬ್ರಿಟಿಷರು ತಂದುಬಿಟ್ಟ ಚುಕ್ಕೆಜಿಂಕೆ, ತಿನ್ನುವ ಪ್ರಾಣಿಯೇ ಇಲ್ಲದ ಕಾಡಿನಲ್ಲಿ ಹೆಚ್ಚಿ ಎಳೆಯ ಸಸಿಗಳನ್ನು ಮೇಯ್ದು ಮುಗಿಸುತ್ತಿದೆ. ಮರದ ವ್ಯಾಪಾರ ನಿಂತಾಗ ಇಂಟರ್‌ವ್ಯೂ ದ್ವೀಪದಲ್ಲಿ ಬಿಟ್ಟುಹೋದ ಆನೆಗಳ ಸಂತತಿ ಅಲ್ಲಿ ಕಾಡಾನೆಯಾಗಿ ಬದುಕಿದೆ. ಆಫ್ರಿಕಾದ ದೈತ್ಯ ಬಸವನಹುಳು ತೋಟಗಳನ್ನು ಕಾಡುತ್ತಿದೆ. ಜಿಂಕೆ ಕಂಡ ಜಾಗದಲ್ಲಿ ಮೊಣಕಾಲೆತ್ತರದ ಸಸಿಗಳು ಇವೆಯೇ ಇಲ್ಲವೇ ಎಂಬ ಒಂದು ಸಾಲು ಸೇರಿಸಿದರೆ ಆ ದಾಖಲೆ ಸಂಶೋಧಕರಿಗೂ ಉಪಯುಕ್ತ. ಜೀವಿಗಳ ದಾಖಲೆ ಹಂಚಿಕೊಳ್ಳುವ ಜಾಲತಾಣಗಳಾದ ಇ-ಬರ್ಡ್ ಅಥವಾ ಐ-ನ್ಯಾಚುರಲಿಸ್ಟ್‌ಗೆ ಏರಿಸುವಾಗ ಗೂಡು ಮತ್ತು ಆಮೆಯ ಮೊಟ್ಟೆಗುಂಡಿಗಳ ನಿಖರ ಸ್ಥಳವನ್ನು ಮರೆಮಾಡಿ, ದ್ವೀಪದ ಹೆಸರನ್ನಷ್ಟೇ ಕೊಡಬೇಕು.